ಮಡಚುವ ರೆಕ್ಕೆ: ಕಾಗದದಲ್ಲಿ ಸರಾಗ, ಪ್ಲೈವುಡ್‌ನಲ್ಲಿ ಅರ್ಧಕ್ಕೇ ನಿಲ್ಲುತ್ತದೆ

ರೆಕ್ಕೆಪುಕ್ಕ

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ಯಾರಾದರೂ ದಾರಿ ತೋರಿಸಿ.

ಕೀಟಗಳ ರೆಕ್ಕೆ ಬಗ್ಗೆ ಒಂದು ಮ್ಯೂಸಿಯಂ ಪ್ರದರ್ಶನ ಆಗಲಿದೆ. ಒಳಗೆ ಕಾಲಿಡುತ್ತಿದ್ದ ಹಾಗೆ ಎದುರಿಗೆ ಒಂದು ದೊಡ್ಡ ರೆಕ್ಕೆ ಕಾಣಬೇಕು, ಅದು ನಿಧಾನಕ್ಕೆ ಬಿಚ್ಚಿಕೊಂಡು ಮತ್ತೆ ಮಡಚಿಕೊಳ್ಳಬೇಕು. ಅದನ್ನು ಮಾಡಿಕೊಡುವುದು ನನ್ನ ಕೆಲಸ. ನನ್ನ ತಲೆಯಲ್ಲಿರುವುದು ಇಯರ್‌ವಿಗ್ ಹುಳುವಿನ ರೆಕ್ಕೆ. ಹಿಂದೆ ಚಿಮುಟದ ಥರ ಎರಡು ಕೊಂಡಿ ಇರುತ್ತದಲ್ಲ, ಅದೇ ಹುಳು. ಅದರ ಹಿಂದಿನ ರೆಕ್ಕೆ ಬಿಚ್ಚಿದರೆ ಮಡಚಿದ್ದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಜಾಗ ಹಿಡಿಯುತ್ತದೆ. "ಇಷ್ಟೆಲ್ಲ ಅಷ್ಟರೊಳಗೆ ಇತ್ತಾ!" ಅಂತ ನೋಡಿದವರಿಗೆ ಅನ್ನಿಸಬೇಕು, ಅಷ್ಟೇ ನನ್ನ ಆಸೆ.

ಅಳತೆ ಹೀಗಿದೆ. ಬಿಚ್ಚಿದಾಗ 3 ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರ. ಮಡಚಿದಾಗ 90 ಸೆಂ.ಮೀ. ಬಾಗಿಲಲ್ಲಿ ಆರಾಮಾಗಿ ತೂರಬೇಕು, ಯಾಕೆಂದರೆ ಪ್ರದರ್ಶನ ಮೂರು ಕಡೆ ತಿರುಗಲಿದೆ, ಒಂದೊಂದು ಕಡೆ ಮೂರು ತಿಂಗಳು. ಇಬ್ಬರು ಸೇರಿ ಒಂದು ಗಂಟೆಯಲ್ಲಿ ನಿಲ್ಲಿಸುವ ಹಾಗಿರಬೇಕು.

ನಾನು ಹಿಡಿದದ್ದು ಮಿಯುರಾ ಮಡಿಕೆ. ಸಾಲುಸಾಲು ಓರೆ ಚೌಕಗಳ ಆ ಮಡಿಕೆ ಗೊತ್ತಲ್ಲ, ಒಂದು ಮೂಲೆ ಹಿಡಿದು ಎಳೆದರೆ ಇಡೀ ಹಾಳೆ ಒಟ್ಟಿಗೇ ಬಿಚ್ಚಿಕೊಳ್ಳುತ್ತದೆ. ಕಾಗದದಲ್ಲಿ ಹತ್ತನೇ ಒಂದು ಅಳತೆಯ ಮಾಡೆಲ್ ಮಾಡಿದೆ, ಎಷ್ಟು ಚೆನ್ನಾಗಿ ಬಂತು ಅಂದರೆ ರಾತ್ರಿಯೆಲ್ಲ ಅದನ್ನೇ ಬಿಚ್ಚುತ್ತಾ ಮಡಚುತ್ತಾ ಕೂತಿದ್ದೆ. ಆಮೇಲೆ 6 ಮಿ.ಮೀ. ಪ್ಲೈವುಡ್‌ನಲ್ಲಿ 24 ಹಲಗೆ ಕತ್ತರಿಸಿ, ಪಿಯಾನೊ ಹಿಂಜ್ (ಅಂಚಿನ ಉದ್ದಕ್ಕೂ ಬರುವ ಪಟ್ಟಿ ಹಿಂಜ್) ಹಾಕಿ, ನಿಜವಾದ ಅಳತೆಯಲ್ಲಿ ಜೋಡಿಸಿದೆ. ಅರ್ಧ ಮಡಚುವಷ್ಟರಲ್ಲಿ ಹಠ ಹಿಡಿದ ಎಮ್ಮೆ ಹಾಗೆ ನಿಂತುಬಿಟ್ಟಿತು. ಬಲ ಹಾಕಿದೆ, ಸ್ಕ್ರೂಗಳು ಕಿತ್ತು ಬಂದವು.

ಹಲಗೆ ಇನ್ನೂ ತೆಳು ಮಾಡಿದರೆ ಸರಿಹೋಗುತ್ತದಾ? ಮಿಯುರಾ ಬಿಟ್ಟು ಹೋಬರ್ಮನ್ ಗೋಳ ಅನ್ನುವ, ಎಳೆದರೆ ದೊಡ್ಡದಾಗುವ ಆಟಿಕೆ ಚೆಂಡಿನಲ್ಲಿರುವ ಥರ ಕತ್ತರಿ ಕೀಲುಗಳ ಕಡೆಗೆ ಹೋಗಲಾ? ಮೋಟಾರ್ ಹಾಕಲಾ, ಇಲ್ಲ ನೋಡುವವರೇ ಕೈಯಲ್ಲಿ ತಿರುಗಿಸಲಿ ಅಂತ ಬಿಡಲಾ? ಇದರ ಮಧ್ಯೆ ಮ್ಯೂಸಿಯಂನವರು ನಾನು ಬಳಸುವ ಬಟ್ಟೆ, ಅಂಟು, ಬಣ್ಣ ಎಲ್ಲದರ ಪಟ್ಟಿ ಕಳಿಸಿ ಅಂದಿದ್ದಾರೆ. ಅದು ಅವರಿಗೆ ಯಾಕೆ ಬೇಕು?

ಮಡಿಕೆಗಾರ

ತೆಳು ಮಾಡಿದರೆ ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತದೆ, ಅಷ್ಟೇ. ನಿಮ್ಮ ಕೈಕೆಲಸದ ತಪ್ಪಲ್ಲ ಇದು, ದಪ್ಪದ ತಪ್ಪು.

ಮಿಯುರಾ ಮಡಿಕೆಯ ಲೆಕ್ಕ ಇರುವುದು ದಪ್ಪವೇ ಇಲ್ಲದ ಹಾಳೆಗೆ. ಕೊರ್ಯೊ ಮಿಯುರಾ ಅದನ್ನು 1970ರ ದಶಕದಲ್ಲಿ ರೂಪಿಸಿದ್ದು ಬಾಹ್ಯಾಕಾಶದಲ್ಲಿ ಬಿಚ್ಚಿಕೊಳ್ಳುವ ಹಾಳೆಗಳಿಗಾಗಿ. 1995ರಲ್ಲಿ ಜಪಾನಿನ ಸ್ಪೇಸ್ ಫ್ಲೈಯರ್ ಯೂನಿಟ್ ಅನ್ನುವ ಉಪಗ್ರಹದ ಜೊತೆ ಹೋಗಿ ಮೇಲೆ ಬಿಚ್ಚಿಯೂ ಬಿಚ್ಚಿತು. ಆದರೆ ಅದು ತೆಳು ಪೊರೆ. ನಿಮ್ಮದು ಹಲಗೆ. ಕಾಗದ 0.1 ಮಿ.ಮೀ. ಅಂದುಕೊಂಡರೆ 24 ಪದರ ಸೇರಿ ಎರಡೂವರೆ ಮಿ.ಮೀ. ಕೂಡ ಆಗುವುದಿಲ್ಲ. ನಿಮ್ಮ ಪ್ಲೈವುಡ್ 24 ಪದರ ಅಂದರೆ 144 ಮಿ.ಮೀ., ಹಿಂಜ್ ಬಿಟ್ಟು. ಈ 144 ಎಲ್ಲಿ ಹೋಗಿ ಕೂರಬೇಕು ಅಂತ ನಿಮ್ಮ ನಕ್ಷೆಯಲ್ಲಿ ಎಲ್ಲೂ ಹೇಳಿಲ್ಲ, ಅಲ್ವಾ?

ಅದಕ್ಕಿಂತ ದೊಡ್ಡ ತೊಂದರೆ ಮಡಿಕೆಗಳು ಕೂಡುವ ಜಾಗದ್ದು. ಮಿಯುರಾದಲ್ಲಿ ಒಂದೊಂದು ಕೂಡುಜಾಗದಲ್ಲಿ ನಾಲ್ಕು ಮಡಿಕೆ ಸೇರುತ್ತವೆ, ಮೂರು ಒಂದು ಕಡೆಗೆ ಮಡಚಿದರೆ ಒಂದು ಇನ್ನೊಂದು ಕಡೆಗೆ. ನಾಲ್ಕೂ ಗೆರೆ ಒಂದೇ ಚುಕ್ಕಿಯಲ್ಲಿ ಸೇರಿದರೆ ಮಾತ್ರ ಅದು ಚಲಿಸುತ್ತದೆ. ನೀವು ಹಿಂಜ್ ಹಾಕುವಾಗ ಏನು ಮಾಡಿರುತ್ತೀರಿ? ಮೂರನ್ನು ಹಲಗೆಯ ಈ ಮುಖಕ್ಕೆ, ಒಂದನ್ನು ಆ ಮುಖಕ್ಕೆ. ಅಲ್ಲಿಗೆ ಆ ಗೆರೆಗಳ ನಡುವೆ 6 ಮಿ.ಮೀ. ಅಂತರ ಬಂತು, ಇನ್ನು ಅವು ಎಂದೂ ಒಂದೇ ಚುಕ್ಕಿಯಲ್ಲಿ ಸೇರುವುದಿಲ್ಲ. 4 ಅಡ್ಡಸಾಲು 6 ಕಂಬಸಾಲು ಅಂದುಕೊಂಡರೆ ನಿಮ್ಮ ರೆಕ್ಕೆಯಲ್ಲಿ 38 ಹಿಂಜ್, 15 ಕೂಡುಜಾಗ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವುದನ್ನು 15 ಸಲ ಒಟ್ಟಿಗೆ ಮಾಡಿದ್ದೀರಿ. ಎಳೆ ಹಿಡಿದರೆ ಎಲ್ಲ ಬಿಚ್ಚುತ್ತದೆ ಅನ್ನುವುದೇ ಮಿಯುರಾದ ಸೊಗಸು, ಒಂದು ಸಿಕ್ಕಿಕೊಂಡರೆ ಎಲ್ಲ ನಿಲ್ಲುತ್ತದೆ ಅನ್ನುವುದೂ ಅದೇ ಸೊಗಸಿನ ಇನ್ನೊಂದು ಮುಖ.

ದಪ್ಪ ಹಲಗೆಗೂ ದಾರಿಗಳಿವೆ. ತೊಮೊಹಿರೊ ತಾಚಿ ಅನ್ನುವವರು 2011ರಲ್ಲಿ ತೋರಿಸಿದ ಒಂದು ದಾರಿ ಹೀಗೆ: ಮಡಚುವ ಗೆರೆಯನ್ನು ಹಲಗೆಯ ನಡುಮಧ್ಯದಲ್ಲೇ ಇಟ್ಟು, ಒಂದಕ್ಕೊಂದು ತಾಗುವ ಅಂಚುಗಳನ್ನು ಓರೆಯಾಗಿ ಕೆತ್ತುವುದು. ಚಂದವಾಗಿ ಚಲಿಸುತ್ತದೆ, ಆದರೆ ಪೂರ್ತಿ ಚಪ್ಪಟೆ ಆಗುವ ಮುಂಚೆಯೇ ಅಂಚುಗಳು ತಾಗಿ ನಿಲ್ಲುತ್ತದೆ. ನಿಮಗೆ ಬಾಗಿಲಲ್ಲಿ ತೂರಬೇಕು, ಹಾಗಾಗಿ ಇದು ಬೇಡ.

ಎರಡನೇ ದಾರಿ ಬಟ್ಟೆ. ಗಟ್ಟಿ ಬಟ್ಟೆ ನಡುವೆ, ಎರಡೂ ಕಡೆ ತೆಳು ಹಲಗೆ ಅಂಟಿಸಿ, ಹಲಗೆ ಹಲಗೆ ನಡುವೆ ಸಂದು ಬಿಡುವುದು. ಒಟ್ಟು ದಪ್ಪ 6 ಮಿ.ಮೀ. ಇದ್ದರೆ ಸಂದೂ ಕಡಿಮೆ ಅಂದರೆ 6 ಮಿ.ಮೀ. ಇರಬೇಕು, ಆಗ ಯಾವ ಕಡೆಗಾದರೂ ಮಡಚಬಹುದು. ಬಟ್ಟೆಯನ್ನು ಒಂದೇ ಮುಖಕ್ಕೆ ಅಂಟಿಸಿದರೆ ಒಂದು ಕಡೆಗೆ ಸಂದೇ ಬೇಡ, ಇನ್ನೊಂದು ಕಡೆಗೆ ಎರಡರಷ್ಟು ಬೇಕು. ಮಡಿಕೆ ಮೇಲೆ ಮಡಿಕೆ ಬರುವ ಕಡೆ ಇನ್ನೂ ಜಾಸ್ತಿ. ಬೈಂಡಿಂಗ್ ಮಾಡುವವರು ರಟ್ಟು ಮತ್ತು ಬೆನ್ನಿನ ನಡುವೆ ಸಂದು ಬಿಡುತ್ತಾರಲ್ಲ, ಅದೇ ಉಪಾಯ.

ಈಗ ನಿಮ್ಮ ಹುಳುವಿಗೆ ಬರೋಣ, ನನಗೆ ನಗು ಬಂದದ್ದು ಇಲ್ಲೇ. ಇಯರ್‌ವಿಗ್ ಮಿಯುರಾ ಬಳಸುವುದೇ ಇಲ್ಲ! ಅದರ ರೆಕ್ಕೆ ಮೊದಲು ಬೀಸಣಿಗೆಯ ಹಾಗೆ ಮಡಚಿಕೊಳ್ಳುತ್ತದೆ, ಆಮೇಲೆ ಅಡ್ಡಕ್ಕೆ. ಜ್ಯೂರಿಕ್‌ನ ಇಟಿಎಚ್ ಮತ್ತು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದದ್ದು ಇದನ್ನೇ: ಗಟ್ಟಿ ಹಲಗೆ, ಬರೀ ಗೆರೆಯಂಥ ಮಡಿಕೆ ಅಂತ ಲೆಕ್ಕ ಹಾಕಿದರೆ ಈ ರೆಕ್ಕೆ ಮಡಚಲು ಸಾಧ್ಯವೇ ಇಲ್ಲ. ಅದರ ಮಡಿಕೆಗಳಲ್ಲಿ ರೆಸಿಲಿನ್ ಅನ್ನುವ ರಬ್ಬರಿನಂಥ ಪ್ರೋಟೀನ್ ಇದೆ, ಮಡಚುವಾಗ ಆ ಜಾಗ ಹಿಗ್ಗುತ್ತದೆ. ಅಂದರೆ ನಾನು ಮೇಲೆ ಹೇಳಿದ ಬಟ್ಟೆಯ ಸಂದು. ಬಿಚ್ಚಿಕೊಂಡ ಮೇಲೆ ಸ್ನಾಯುಗಳ ಬಲ ಇಲ್ಲದೆಯೇ ಗಟ್ಟಿಯಾಗಿ ನಿಲ್ಲುವ ಹಾಗೆ ಒಂದು ಕೊಕ್ಕೆಯಂಥ ಏರ್ಪಾಡೂ ಅದರ ನಡುವಿನಲ್ಲಿದೆ. ಹುಳುವನ್ನು ಮಾಡಲು ಹೋಗಿ ಉಪಗ್ರಹ ಮಾಡುತ್ತಿದ್ದೀರಿ ನೀವು. ಬೀಸಣಿಗೆ ಮಾಡಿ. ಒಂದೂವರೆ ಮೀಟರ್ ಕಡ್ಡಿಗಳನ್ನು ಒಂದೇ ಕೀಲಿಗೆ ಪೋಣಿಸಿ ಅರ್ಧ ವೃತ್ತ ಬಿಚ್ಚಿದರೆ ಸರಿಯಾಗಿ ನಿಮ್ಮ 3 ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರ ಸಿಗುತ್ತದೆ.

ಸುಮ್ನೆಕೇಳ್ದೆ

ನಾನು ಎಂಜಿನಿಯರ್ ಅಲ್ಲ, ಹಾಗಾಗಿ ಬೈಯಬೇಡಿ. ಇದು ಮೋಟಾರ್‌ನಿಂದಲೇ ಚಲಿಸಬೇಕಾ? ಅಮೆರಿಕದ ಶಿಲ್ಪಿ ಕಾಲ್ಡರ್ ಅವರ ತೂಗುಶಿಲ್ಪಗಳನ್ನು ನೋಡಿ. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯ ಈಸ್ಟ್ ಬಿಲ್ಡಿಂಗ್‌ನಲ್ಲಿ 1977ರಲ್ಲಿ ತೂಗಿಬಿಟ್ಟದ್ದು ಸುಮಾರು 23 ಮೀಟರ್ ಅಗಲ ಇದೆ. ಮೊದಲು ಯೋಚಿಸಿದ ಹಾಗೆ ಮಾಡಿದ್ದರೆ ತೀರಾ ಭಾರ ಆಗುತ್ತಿತ್ತು. ಪಾಲ್ ಮತೀಸ್ ಅದನ್ನು ಜೇನುಗೂಡಿನ ಹೊಟ್ಟೆಯ ಅಲ್ಯೂಮಿನಿಯಂ ಹಲಗೆಗಳಲ್ಲಿ ಮಾಡಿ 420 ಕಿಲೊ ಆಸುಪಾಸಿಗೆ ಇಳಿಸಿದರು. ಮೋಟಾರ್ ಹಾಕುವ ಮಾತಿತ್ತಂತೆ, ಅದರ ಅಗತ್ಯವೇ ಬೀಳಲಿಲ್ಲ, ಕಟ್ಟಡದೊಳಗಿನ ಗಾಳಿಗೇ ತಿರುಗುತ್ತದೆ. ಹಗುರ ಮಾಡಿದರೆ ಅರ್ಧ ಕೆಲಸ ಗಾಳಿಯೇ ಮಾಡುತ್ತದೆ ಅಂತ ನನ್ನ ಲೆಕ್ಕ.

ಇನ್ನೊಂದು ತುದಿಯಲ್ಲಿ ಸ್ವಿಸ್ ಶಿಲ್ಪಿ ಟಿಂಗ್ವೆಲಿ ಇದ್ದಾರೆ. 1960ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಮೋಮಾದ ತೋಟದಲ್ಲಿ ತನ್ನನ್ನು ತಾನೇ ಮುರಿದುಕೊಳ್ಳುವ ಯಂತ್ರ ನಿಲ್ಲಿಸಿದ್ದರು, ಬೆಂಕಿ ಹತ್ತಿ ಕೊನೆಗೆ ಅಗ್ನಿಶಾಮಕದವರು ಬಂದು ಆರಿಸಬೇಕಾಯಿತು. ನಿಮ್ಮ ಪ್ಲೈವುಡ್ ರೆಕ್ಕೆ ಸದ್ಯ ಟಿಂಗ್ವೆಲಿ ಕಡೆಗೇ ವಾಲಿದೆ ಅನ್ನಿಸುತ್ತದೆ 😄

ಜೇಬಲ್ಲಿ ಸ್ಪ್ಯಾನರ್

ತಮಾಷೆ ಪಕ್ಕಕ್ಕಿಡಿ, ಸುಮ್ನೆಕೇಳ್ದೆ ಅವರ ಹಗುರದ ಮಾತು ಮಾತ್ರ ಸರಿ. 6 ಮಿ.ಮೀ. ಪ್ಲೈವುಡ್ ಒಂದು ಚದರ ಮೀಟರ್‌ಗೆ ಮೂರೂವರೆ ಕಿಲೊ ತೂಗುತ್ತದೆ. ಒಳಗೆ ಕೊಳವೆ ಕೊಳವೆ ಇರುವ 4 ಮಿ.ಮೀ. ಪಾಲಿಪ್ರೊಪಿಲೀನ್ ಹಾಳೆ ಮುಕ್ಕಾಲು ಕಿಲೊ ಆಸುಪಾಸು. ನೀವು ಮೋಟಾರ್ ಯಾವುದು ಅಂತ ಕೇಳುವ ಮುಂಚೆ ಇದನ್ನು ನೋಡಿಕೊಳ್ಳಬೇಕಿತ್ತು.

ನಾನು ಪ್ರದರ್ಶನಗಳ ರಿಪೇರಿ ಕೆಲಸದಲ್ಲಿ ಬಹಳ ವರ್ಷ ಇದ್ದವನು. ಕಲಾವಿದರು ಉದ್ಘಾಟನೆ ದಿನಕ್ಕೆ ಅಂತ ಮಾಡುತ್ತಾರೆ, ನಮಗೆ ಸಿಗುವುದು ನಲವತ್ತನೇ ದಿನ. ಒಂದು ಕಡೆ ಏನಾಯಿತು ಅಂದರೆ, ಮೇಲಿಂದ ಇಳಿದು ಅರಳುವ ಒಂದು ಹೂವು, ನಿಜಕ್ಕೂ ಚೆನ್ನಾಗಿತ್ತು, ಮಕ್ಕಳು ಗುಂಡಿ ಬಿಟ್ಟು ಕದಲುತ್ತಿರಲಿಲ್ಲ. ಹಗ್ಗ ಒಂದು ಚಿಕ್ಕ ರಾಟೆಯ ಅಂಚಿಗೆ ಉಜ್ಜುತ್ತಿತ್ತು. ಮೂರನೇ ವಾರ ಎಳೆ ಬಿಡಲು ಶುರು, ನಾಲ್ಕನೇ ವಾರ ತುಂಡು. ರಾಟೆ ಬದಲಿಸೋಣ ಅಂದರೆ ಅದು ಒಳಗೆ ಅಂಟು ಹಾಕಿ ಮುಚ್ಚಿದ ಪೆಟ್ಟಿಗೆಯಲ್ಲಿ. ಮಿಕ್ಕ ಎರಡು ತಿಂಗಳು "ದುರಸ್ತಿಯಲ್ಲಿದೆ" ಅನ್ನುವ ಬೋರ್ಡೇ ಪ್ರದರ್ಶನ.

ಹಾಗಾಗಿ ಮೊದಲು ಎಷ್ಟು ಸಲ ಅಂತ ಎಣಿಸಿ. ಹತ್ತು ನಿಮಿಷಕ್ಕೊಮ್ಮೆ ಬಿಚ್ಚಿದರೆ ದಿನಕ್ಕೆ 8 ಗಂಟೆಗೆ 48 ಸಲ. ವಾರಕ್ಕೆ 6 ದಿನ, 13 ವಾರ, ಅಂದರೆ 3,744. ಮೂರು ಕಡೆ ಸೇರಿ 11,232. ಅದೇ ಗುಂಡಿ ಕೊಟ್ಟು ಎರಡು ನಿಮಿಷಕ್ಕೊಮ್ಮೆ ಯಾರೋ ಒತ್ತುತ್ತಾರೆ ಅಂದರೆ 56,160. ಎರಡೂ ಒಂದೇ ಯಂತ್ರ ಅಲ್ಲವೇ ಅಲ್ಲ. ನನ್ನ ಮತ ಟೈಮರ್‌ಗೆ. ಕಲಾವಿದ ಮೊಹೊಲಿ-ನಾಡ್ಜ್ ಅವರ 1930ರ ಬೆಳಕಿನ ಯಂತ್ರ ಹಾರ್ವರ್ಡ್‌ನಲ್ಲಿದೆ, ಮೂಲ ಯಂತ್ರ ಸವೆದುಹೋಗಬಾರದು ಅಂತಲೇ ಅದಕ್ಕೆ ಪ್ರತಿಕೃತಿಗಳನ್ನು ಮಾಡಿಸಿದ್ದು. ಅಷ್ಟು ದೊಡ್ಡವರ ಕೃತಿಗೇ ಈ ಗತಿ.

ಕತ್ತರಿ ಕೀಲು ಬೇಡ. ಹೋಬರ್ಮನ್ ಕೆಲಸ ಅದ್ಭುತ, 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಪದಕ ಕೊಡುವ ವೇದಿಕೆಗೆ ಅವರು ಮಾಡಿದ ಅರಳುವ ಕಮಾನು ನೆನಪಿರಬಹುದು, ಆದರೆ ಅದರ ಹಿಂದೆ ನಿಖರವಾದ ಲೋಹದ ಕೆಲಸ ಇರುತ್ತದೆ. ಒಂದೊಂದು ಕೀಲಿನ ಸಡಿಲ ಒಂದಕ್ಕೊಂದು ಕೂಡಿಕೊಂಡು ಕೊನೆಯ ತುದಿ ಕುಡಿದವನ ಥರ ತೂರಾಡುತ್ತದೆ. ಇನ್ನೊಂದು, ಪೂರ್ತಿ ಮಲಗಿದ ಕತ್ತರಿಯನ್ನು ಬದಿಯಿಂದ ತಳ್ಳಿ ಎಬ್ಬಿಸುವುದು ಬಹಳ ಕಷ್ಟ. ತೋಳು ನೆಲಕ್ಕೆ 30 ಡಿಗ್ರಿಯಲ್ಲಿದ್ದಾಗ ಮೇಲಿನ ಭಾರದ 1.7 ಪಟ್ಟು ಬಲ ಸಾಕು, 5 ಡಿಗ್ರಿಯಲ್ಲಿ 11 ಪಟ್ಟಿಗೂ ಜಾಸ್ತಿ ಬೇಕು. ಹೊಸಬರ ಮೋಟಾರ್ ಸುಟ್ಟುಹೋಗುವುದು ಆ ಮೊದಲ ಐದು ಡಿಗ್ರಿಯಲ್ಲೇ.

ಬೀಸಣಿಗೆ ಒಳ್ಳೆಯದು. ನಡುವಿನ ಕಡ್ಡಿ ನೆಟ್ಟಗೆ ನಿಂತಿರಲಿ, ಎರಡೂ ಬದಿ ಎಡಕ್ಕೆ ಬಲಕ್ಕೆ ಇಳಿದು ಬಿಚ್ಚಲಿ. ಬಿಚ್ಚುವುದಕ್ಕೆ ಭಾರವೇ ಸಾಕು, ಮೋಟಾರ್ ಬೇಕಾಗುವುದು ಮೇಲೆ ಎತ್ತುವುದಕ್ಕೆ. ಆ ಭಾರವನ್ನೂ ಬಾವಿಯ ಏತದ ಹಾಗೆ ತೂಗಿಸಿ. ತುದಿ ಕಡ್ಡಿಯನ್ನು ಕೀಲಿನಿಂದ ಆಚೆಗೆ 20 ಸೆಂ.ಮೀ. ಬೆಳೆಸಿ ಅಲ್ಲಿ ತೂಕ ಕಟ್ಟುವುದು. ಒಂದು ಬದಿ ಎರಡೂವರೆ ಕಿಲೊ ಇದ್ದು, ಅದರ ತೂಕದ ನಡು ಕೀಲಿನಿಂದ 60 ಸೆಂ.ಮೀ. ಆಚೆ ಬಂದರೆ, ಏಳೂವರೆ ಕಿಲೊ ಕಟ್ಟಬೇಕು. ಎಲ್ಲ ಕೋನದಲ್ಲೂ ಸರಿಸಮ ಆಗುವುದಿಲ್ಲ, ಯಾಕೆಂದರೆ ಉಳಿದ ಕಡ್ಡಿಗಳು ಹಿಂದೆ ಉಳಿದು ಒಂದೊಂದಾಗಿ ಬರುತ್ತವೆ. ಪರವಾಗಿಲ್ಲ, ಉಳಿದ ವ್ಯತ್ಯಾಸವನ್ನು ಚಿಕ್ಕ ಗೇರ್ ಮೋಟಾರ್ ನೋಡಿಕೊಳ್ಳುತ್ತದೆ. ವರ್ಮ್ ಗೇರ್ (ಸ್ಕ್ರೂ ಥರದ ದಂಡ ಹಲ್ಲಿನ ಚಕ್ರವನ್ನು ತಿರುಗಿಸುವುದು) ತಗೊಳ್ಳಿ, ಹಲ್ಲಿನ ಓರೆ ಕಡಿಮೆ ಇರುವುದು, ಆಗ ಕರೆಂಟ್ ಹೋದರೂ ಇದ್ದಲ್ಲೇ ನಿಲ್ಲುತ್ತದೆ. ಆದರೆ ನಡುವೆ ಒಂದು ಜಾರುವ ಕ್ಲಚ್ ಇರಲೇಬೇಕು, ಯಾರದಾದರೂ ಕೈ ಸಿಕ್ಕಿದರೆ ಬಿಡಿಸಲು ದಾರಿ ಬೇಕಲ್ಲ. ಉದ್ದಕ್ಕೆ ಚಾಚುವ ಆಕ್ಚುಯೇಟರ್ ಕೊಳ್ಳುವುದಾದರೆ ಡ್ಯೂಟಿ ಸೈಕಲ್ ಓದಿ ಕೊಳ್ಳಿ. 25% ಅಂತ ಬರೆದಿದ್ದರೆ ಒಂದು ನಿಮಿಷ ಓಡಿದ ಮೇಲೆ ಮೂರು ನಿಮಿಷ ಸುಮ್ಮನಿರಬೇಕು ಅಂತ ಅರ್ಥ.

ಬೆರಳಿನ ವಿಷಯ. ಮುಚ್ಚಿಕೊಳ್ಳುವ ಜಾಗಗಳಲ್ಲಿ ಎಷ್ಟು ಸಂದು ಉಳಿಸಬೇಕು ಅಂತ ಐಎಸ್‌ಒ 13854 ಅನ್ನುವ ಮಾನದಂಡ ಹೇಳುತ್ತದೆ. ಬೆರಳಿಗೆ 25 ಮಿ.ಮೀ., ಮುಷ್ಟಿಗೆ 100, ತೋಳಿಗೆ 120, ತಲೆಗೆ 300. ತುದಿ ಕಡ್ಡಿ ಪೂರ್ತಿ ಇಳಿದಾಗಲೂ ಪೀಠದಿಂದ 12 ಸೆಂ.ಮೀ. ಮೇಲೆಯೇ ನಿಲ್ಲಲಿ. ಇದು ದೊಡ್ಡವರ ಲೆಕ್ಕ. ಮಗು ತಲೆಯನ್ನೇ ತೂರಿಸುತ್ತದೆ ಅನ್ನುವುದು ನನ್ನ ಅನುಭವ, ಹಾಗಾಗಿ ಸುತ್ತ ಒಂದು ಕಟಕಟೆಯೂ ಬೇಕು.

ರೆಕ್ಕೆಪುಕ್ಕ

ಅಯ್ಯೋ, ಇಷ್ಟು ಬರೆದಿದ್ದೀರಿ, ದೊಡ್ಡ ಉಪಕಾರ. ಹುಳುವಿನ ರೆಕ್ಕೆಯ ಫೋಟೊ ಮತ್ತೆ ತೆಗೆದು ನೋಡಿದೆ. ಬೀಸಣಿಗೆ ಕಣ್ಣೆದುರಿಗೇ ಇತ್ತು, ಕಾಗದದ ಮೋಹದಲ್ಲಿ ನೋಡಲೇ ಇಲ್ಲ.

ಈ ವಾರ ಹಳೆಯ ಪ್ಲಾಸ್ಟಿಕ್ ಪೈಪು, ಬೆಡ್‌ಶೀಟ್ ಹಾಕಿ ಪೂರ್ತಿ ಅಳತೆಯಲ್ಲೇ ಒಂದು ಒರಟು ಮಾಡೆಲ್ ಕಟ್ಟಿದೆ. ನಡುವೆ ಒಂದು ಕಡ್ಡಿ, ಬದಿಗೆ ಆರಾರು, ಒಟ್ಟು 13. ಬಿಚ್ಚಿದಾಗ ಒಂದೊಂದಕ್ಕೆ 15 ಡಿಗ್ರಿ ಅಂತರ. ಬಿಚ್ಚುವುದು ಬೆಣ್ಣೆಯಷ್ಟು ನುಣುಪು. ಮಡಚುವಾಗ ಹೊಸ ತಕರಾರು: ಹೊರ ಅಂಚಿನಲ್ಲಿ ಕಡ್ಡಿಯಿಂದ ಕಡ್ಡಿಗೆ 39 ಸೆಂ.ಮೀ. ಬಟ್ಟೆ ಇದೆ, ಅದು ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ, ತನಗೆ ತೋಚಿದ ಕಡೆಗೆ ಉಬ್ಬಿ ಪಕ್ಕದ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ.

ಬಟ್ಟೆ ಯಾವುದು ಹಾಕಲಿ? ಹತ್ತಿ ಕ್ಯಾನ್ವಾಸ್ ಅಂದುಕೊಂಡಿದ್ದೆ, ನೋಡಲು ಚಂದ.

ಮಡಿಕೆಗಾರ

ಎರಡು ಕಡ್ಡಿಗಳ ನಟ್ಟನಡುವೆ ಬಟ್ಟೆಗೆ ಒಂದು ಕೊಳವೆ ಹೊಲಿಗೆ ಹಾಕಿ, ಅದರೊಳಗೆ ತೆಳುವಾದ ಫೈಬರ್‌ಗ್ಲಾಸ್ ಕಡ್ಡಿ ತೂರಿಸಿ. ಬಟ್ಟೆ ಎಲ್ಲಿ ಮಡಚಬೇಕು ಅಂತ ಅದು ತೋರಿಸುತ್ತದೆ. ಎಲ್ಲ ಮಡಿಕೆಗಳೂ ಹಿಂದಕ್ಕೇ ಹೋಗಬೇಕು ಅಂದರೆ ಆ ಕಡ್ಡಿಯನ್ನು ಬಟ್ಟೆಯ ಹಿಂಬದಿಗೆ ಹೊಲಿಯಿರಿ, ಪೂರ್ತಿ ಬಿಚ್ಚಿದಾಗಲೂ ಬಟ್ಟೆ ಒಂದು ಚೂರು ಹಿಂದಕ್ಕೇ ಬಾಗಿರುವಷ್ಟು ಸಡಿಲ ಬಿಡಿ. ತಂಬೂರಿ ತಂತಿಯ ಹಾಗೆ ಬಿಗಿದರೆ ಮತ್ತೆ ಎರಡೂ ಕಡೆಗೆ ಹಾರುತ್ತದೆ. ಮಡಿಕೆಯ ಆಳ 20 ಸೆಂ.ಮೀ. ಹತ್ತಿರ ಬರುತ್ತದೆ, ಅದನ್ನೂ ಮಡಚಿದ ಅಳತೆಗೆ ಸೇರಿಸಿಕೊಳ್ಳಿ.

ಹತ್ತಿ ಕೈಗವಸು

ವಸ್ತುಗಳ ಪಟ್ಟಿ ಯಾಕೆ ಅಂತ ಕೇಳಿದ್ದಿರಿ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಸಂರಕ್ಷಣೆ ಕೆಲಸದವಳು ನಾನು, ಆ ಪಟ್ಟಿ ಕೇಳಿ ಎಲ್ಲರ ಕೈಲಿ ಬೈಸಿಕೊಳ್ಳುವವಳು.

ಪ್ರದರ್ಶನದಲ್ಲಿ ನಿಜವಾದ ಒಣ ಕೀಟಗಳೂ ಇರುತ್ತವೆ ಅಲ್ವಾ? ಹಾಗಾದರೆ ನಮಗೆ ಎರಡು ಭಯ. ಮೊದಲನೆಯದು ಗಾಳಿಗೆ ಸೇರುವ ಆಮ್ಲ. ಪ್ಲೈವುಡ್, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಕೆಲವು ಬಣ್ಣ ಮತ್ತು ಅಂಟುಗಳಿಂದ ಫಾರ್ಮಾಲ್ಡಿಹೈಡ್, ಅಸಿಟಿಕ್ ಆಮ್ಲದಂಥ ಆವಿ ತಿಂಗಳುಗಟ್ಟಲೆ ಬರುತ್ತಲೇ ಇರುತ್ತದೆ. ತೆರೆದ ಹಾಲ್‌ನಲ್ಲಿ ತಡೆದುಕೊಳ್ಳಬಹುದು, ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ ಅದೇ ವಸ್ತು ಇದ್ದರೆ ಲೋಹಗಳು ಕಿಲುಬು ಹಿಡಿಯುತ್ತವೆ. ಇದನ್ನು ನೋಡಲು ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1973ರಲ್ಲಿ ತಂದ ಪರೀಕ್ಷೆಯನ್ನೇ ಇವತ್ತಿಗೂ ಮಾಡುತ್ತಾರೆ. ನಿಮ್ಮ ವಸ್ತುವಿನ ಒಂದು ಚೂರು, ಜೊತೆಗೆ ಬೆಳ್ಳಿ, ತಾಮ್ರ, ಸೀಸದ ತುಂಡುಗಳು, ಎಲ್ಲವನ್ನೂ ತೇವದ ಗಾಳಿಯಲ್ಲಿ ಮುಚ್ಚಿ 60 ಡಿಗ್ರಿಯಲ್ಲಿ 28 ದಿನ ಇಡುವುದು. ತುಂಡುಗಳು ಕಿಲುಬು ಹಿಡಿದರೆ ಅಥವಾ ಬಣ್ಣ ಬದಲಾದರೆ ನಿಮ್ಮ ವಸ್ತು ಫೇಲ್. 28 ದಿನ ಅನ್ನುವುದನ್ನು ಗಮನಿಸಿ. ಉದ್ಘಾಟನೆಗೆ ಹದಿನೈದು ದಿನ ಇರುವಾಗ ಪಟ್ಟಿ ಕಳಿಸಿದರೆ ನಾನು ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಎರಡನೇ ಭಯ ಜೀವಂತ ಕೀಟ. ನಗಬೇಡಿ. ಡರ್ಮೆಸ್ಟಿಡ್ ಜಾತಿಯ ಪುಟ್ಟ ಜೀರುಂಡೆಗಳ ಮರಿಗಳು ಒಣಗಿದ ಕೀಟಗಳನ್ನೇ ತಿಂದು ಪುಡಿ ಮಾಡುತ್ತವೆ, ಉಣ್ಣೆ, ಫೆಲ್ಟ್ ಒಳಗೆ ಕೂತು ಒಳಗೆ ಬರುತ್ತವೆ. ಹಾಗಾಗಿ ಸದ್ದು ಕಡಿಮೆ ಮಾಡಲು ಉಣ್ಣೆಯ ಫೆಲ್ಟ್ ಹಾಕಬೇಡಿ, ಸಿಂಥೆಟಿಕ್ ಹಾಕಿ. ಸಂಶಯ ಇದ್ದ ಬಟ್ಟೆಯನ್ನು ಪಾಲಿಥೀನ್‌ನಲ್ಲಿ ಗಾಳಿಯಾಡದ ಹಾಗೆ ಮುಚ್ಚಿ ಮೈನಸ್ 30 ಡಿಗ್ರಿಯಲ್ಲಿ ಮೂರು ದಿನ ಇಟ್ಟರೆ ಮೊಟ್ಟೆಯೂ ಉಳಿಯುವುದಿಲ್ಲ. ಹೊರಗೆ ತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಕವರ್ ಬಿಚ್ಚಬಾರದು, ಬಿಚ್ಚಿದರೆ ನೀರು ಹನಿಗಟ್ಟುತ್ತದೆ.

ಹತ್ತಿ ಕ್ಯಾನ್ವಾಸ್ ತೇವಕ್ಕೆ ಹಿಗ್ಗಿ ಕುಗ್ಗುತ್ತದೆ, ಮೂರು ಊರಿನ ಮೂರು ಹವೆಯಲ್ಲಿ ನಿಮ್ಮ ಬಿಗಿ ಮೂರು ಥರ ಆಗುತ್ತದೆ. ತೆಳುವಾದ ಪಾಲಿಯೆಸ್ಟರ್ ವಾಸಿ, ಬೇಗ ಬೆಂಕಿ ಹಿಡಿಯದ ಬಗೆಯದು ಅಂತ ಪ್ರಮಾಣಪತ್ರ ಸಮೇತ ತನ್ನಿ, ಅದನ್ನಂತೂ ಕೇಳೇ ಕೇಳುತ್ತಾರೆ. ಇನ್ನೊಂದು ಮಾತು: ಕೀಟಗಳ ಬಣ್ಣ ಬೆಳಕಿಗೆ ಮಾಸುತ್ತದೆ ಅಂತ ಅಂಥ ಹಾಲ್‌ಗಳಲ್ಲಿ 50 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಜಾಸ್ತಿ ಬೆಳಕು ಬಿಡುವುದಿಲ್ಲ. ಆ ಮಂದ ಬೆಳಕಿನಲ್ಲಿ ನಿಮ್ಮ ರೆಕ್ಕೆ ಹೇಗೆ ಕಾಣುತ್ತದೆ ಅಂತ ಈಗಲೇ ಒಂದು ಸಂಜೆ ಲೈಟ್ ಆರಿಸಿ ನೋಡಿಕೊಳ್ಳಿ. ಬೆಳಕು ತೂರುವ ಬಟ್ಟೆ ಹಾಕಿ ಹಿಂದಿನಿಂದ ಒಂದು ಚಿಕ್ಕ ದೀಪ ಕೊಟ್ಟರೆ ರೆಕ್ಕೆಯ ನರಗಳ ಹಾಗೆ ಕಡ್ಡಿಗಳು ಕಾಣುತ್ತವೆ. ಆ ದೀಪ ಪಕ್ಕದ ಪೆಟ್ಟಿಗೆಗಳ ಮೇಲೆ ಬೀಳಬಾರದು, ಅಷ್ಟು ಸಾಕು.

ಸುಮ್ನೆಕೇಳ್ದೆ

ಸ್ಪ್ಯಾನರ್ ಸರ್, ಟೈಮರ್ ಅಂದಿರಿ. ಮುಟ್ಟಲೇ ಬಿಡದಿದ್ದರೆ ಏನು ಮಜಾ? ಬ್ರೆಜಿಲ್‌ನ ಲಿಜಿಯಾ ಕ್ಲಾರ್ಕ್ 1960ರ ಆಸುಪಾಸಿನಲ್ಲಿ ಬಿಶೊಸ್ ಅಂತ ಮಾಡಿದರು, ಹಿಂಜ್ ಹಾಕಿದ ಲೋಹದ ತಗಡುಗಳು, ನೋಡುವವರೇ ಎತ್ತಿ ಮಡಚಿ ಆಡಬೇಕು. ಕೈ ಹಾಕದಿದ್ದರೆ ಅದು ಕೃತಿಯೇ ಅಲ್ಲ.

ಜೇಬಲ್ಲಿ ಸ್ಪ್ಯಾನರ್

ಅವು ಈಗ ಎಷ್ಟೋ ಕಡೆ ಗಾಜಿನೊಳಗೆ ಇವೆ, ಆಡಲು ಕೊಡುವುದು ಪಕ್ಕದಲ್ಲಿಟ್ಟ ನಕಲನ್ನು. ನಿಮ್ಮ ಮಾತಿನ ಹಿಂದಿನ ಆಸೆ ಒಪ್ಪುತ್ತೇನೆ. ಹಾಗಿದ್ದರೆ ದೊಡ್ಡದು ಟೈಮರ್‌ಗೆ ಬಿಟ್ಟು, ಪಕ್ಕದಲ್ಲಿ ಅಂಗೈ ಅಗಲದ ಬೀಸಣಿಗೆ ರೆಕ್ಕೆಗಳನ್ನು ನಾಲ್ಕು ಇಡಿ. ಹಾಳಾದರೆ ಐದನೆಯದು ತಂದಿಡಬಹುದು. ದೊಡ್ಡದಕ್ಕೆ ಐದನೆಯದು ಇರುವುದಿಲ್ಲವಲ್ಲ.

ಸಾಗಿಸುವ ಬಗ್ಗೆಯೂ ಹೇಳಿಬಿಡುತ್ತೇನೆ. ಮಡಚಿದ ಕಟ್ಟು ನೆಟ್ಟಗೆ ನಿಂತಿರುತ್ತದೆ, ಅಂದರೆ ತೂಕ ಮೇಲಿರುತ್ತದೆ. ಪೀಠದ ಅಗಲ 60 ಸೆಂ.ಮೀ., ತೂಕದ ನಡು 1.2 ಮೀಟರ್ ಎತ್ತರದಲ್ಲಿದ್ದರೆ 14 ಡಿಗ್ರಿ ವಾಲಿದರೆ ಸಾಕು, ಉರುಳಿತು. ಏತದ ತೂಕಗಳು, ಮೋಟಾರ್ ಎಲ್ಲ ಪೀಠದಲ್ಲೇ ಕೆಳಗೆ ಇರಲಿ, ಸಾಗಿಸುವಾಗ ರೆಕ್ಕೆಯ ಕಟ್ಟನ್ನು ಒಂದೇ ಪಿನ್ ಎಳೆದು ಬಿಡಿಸಿ ಮಲಗಿಸುವ ಹಾಗೆ ಮಾಡಿ. ಬಾಗಿಲು ಮಾತ್ರ ಅಳೆದಿದ್ದೀರಿ, ಲಿಫ್ಟ್ ಒಳಗಿನ ಉದ್ದ ಅಳೆದಿದ್ದೀರಾ? ಕಟ್ಟು ಒಂದೂವರೆ ಮೀಟರ್ ಇದೆ, ಪೆಟ್ಟಿಗೆ ಅದಕ್ಕಿಂತ ಉದ್ದ. ಮೂರೂ ಕಡೆಯವರಿಗೆ ಇವತ್ತೇ ಬರೆದು ಕೇಳಿ. ಬಿಡಿ ಭಾಗಗಳ ಒಂದು ಡಬ್ಬಿ, ಮಡಚುವ ಕ್ರಮದ ಫೋಟೊಗಳು ಪೆಟ್ಟಿಗೆಯ ಮುಚ್ಚಳದ ಒಳಬದಿಗೇ ಅಂಟಿಸಿರಲಿ. ನೀವು ಅಲ್ಲಿ ಇರುವುದಿಲ್ಲ, ಬಿಚ್ಚುವವರು ನಿಮ್ಮನ್ನು ನೋಡಿಯೂ ಇರುವುದಿಲ್ಲ.

ರೆಕ್ಕೆಪುಕ್ಕ

ಹನ್ನೆರಡು ದಿನದ ಮೇಲೆ ಬರುತ್ತಿದ್ದೇನೆ. ಬಟ್ಟೆಯ ಹಿಂದೆ ಫೈಬರ್‌ಗ್ಲಾಸ್ ಕಡ್ಡಿ ಹೊಲಿದೆ, ಈಗ ಹನ್ನೆರಡೂ ಮಡಿಕೆ ಹಿಂದಕ್ಕೇ ಹೋಗುತ್ತವೆ, ಒಂದೂ ತಪ್ಪುವುದಿಲ್ಲ. ಏತದ ತೂಕಕ್ಕೆ 7.5 ಹೇಳಿದ್ದಿರಿ, ನನಗೆ 6.8 ಕಿಲೊದಲ್ಲೇ ಕೂತಿತು, ಬಟ್ಟೆ ಅಂದುಕೊಂಡದ್ದಕ್ಕಿಂತ ಹಗುರ ಬಂತು. ಈಗ ಇಡೀ ರೆಕ್ಕೆಯನ್ನು ಎರಡು ಬೆರಳಲ್ಲಿ ಎತ್ತಬಹುದು! ಲಿಫ್ಟ್ ಕೇಳಿದ್ದು ಒಳ್ಳೆಯದಾಯಿತು, ಒಂದು ಕಡೆಯ ಲಿಫ್ಟ್ ಒಳಗೆ 1.4 ಮೀಟರ್ ಮಾತ್ರ. ಅಲ್ಲಿಗೆ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಸಾಗಿಸಬೇಕು, ಹಾಗಾಗಿ ಪೆಟ್ಟಿಗೆಯ ಬುಡಕ್ಕೂ ಗಾಲಿ ಹಾಕಿದೆ. ವಸ್ತುಗಳ ಪಟ್ಟಿಯೂ ಹೋಯಿತು. ಪ್ಲೈವುಡ್ ಪೂರ್ತಿ ತೆಗೆದಿದ್ದೇನೆ.

ಟೈಮರ್‌ಗೆ ಹಾಕಿ ಮನೆಯಲ್ಲೇ ಓಡಿಸುತ್ತಿದ್ದೇನೆ, ನಿನ್ನೆಗೆ 900 ದಾಟಿತು. ಉಳಿದಿರುವುದು ಒಂದೇ. ಪ್ರತಿ ಸಲ ಎಂಟನೇ ಕಡ್ಡಿ ಮೇಲೇಳುವಾಗ "ಕಿರ್ರ್" ಅನ್ನುತ್ತದೆ. ಸದ್ದಿಲ್ಲದ ಹಾಲ್‌ನಲ್ಲಿ ಇದು ಕೇಳೇ ಕೇಳುತ್ತದೆ. ಎಣ್ಣೆ ಬಿಡಲಾ?

ಜೇಬಲ್ಲಿ ಸ್ಪ್ಯಾನರ್

ಎಣ್ಣೆ ಬೇಡ! ಬಟ್ಟೆಗೆ ಇಳಿಯುತ್ತದೆ, ಧೂಳು ಹಿಡಿಯುತ್ತದೆ, ಕೈಗವಸು ಮೇಡಂ ಬಂದು ಬೈಯುತ್ತಾರೆ. ಕೀಲು ಬಿಚ್ಚಿ ಕಡ್ಡಿ ಕಡ್ಡಿ ನಡುವೆ ಪಿಟಿಎಫ್‌ಇ (ಟೆಫ್ಲಾನ್) ವಾಷರ್ ಹಾಕಿ, ನೈಲಾನ್ ಆದರೂ ಆದೀತು. ಹಾಕುವ ಮುಂಚೆ ಎಂಟನೆಯದರ ತೂತನ್ನು ಬೆರಳಾಡಿಸಿ ನೋಡಿ, ಕೊರೆದಾಗ ಉಳಿದ ಜುಂಗು ಇರುತ್ತದೆ.

ರೆಕ್ಕೆಪುಕ್ಕ

ಇತ್ತು. ಬೆರಳು ಕೊಯ್ದುಕೊಂಡೆ. ಸದ್ದು ನಿಂತಿತು.